ತಟ್ಟೆಯಲ್ಲಿ ಅನ್ನ, ಮೊಬೈಲಿನಲ್ಲಿ ವದಂತಿ

ಕುರ್ಕುರೆಗೆ ಬೆಂಕಿಕಡ್ಡಿ ತಾಗಿಸಿದರೆ ಉರಿಯುತ್ತದೆ, ಆದ್ದರಿಂದ ಅದರಲ್ಲಿ ಪ್ಲಾಸ್ಟಿಕ್ ಇದೆ. ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಕಾಳು ಬೆರೆಸುತ್ತಿದ್ದಾರೆ. ಮಾವಿನ ಜ್ಯೂಸಿಗೆ ಎಚ್‌ಐವಿ ಇರುವ ಕಾರ್ಮಿಕನೊಬ್ಬ ತನ್ನ ರಕ್ತ ಬೆರೆಸಿದ್ದಾನೆ, ಕೆಲವು ವಾರ ಯಾರೂ ಕುಡಿಯಬೇಡಿ. ಪ್ಯಾಕೆಟ್ಟಿನ ಮೇಲೆ ಇಂತಿಂಥ ಸಂಖ್ಯೆ ಇದ್ದರೆ ಅದು ಹಂದಿಯ ಕೊಬ್ಬು, ಈ ಪಟ್ಟಿಯನ್ನು ಪ್ರತಿ ಮುಸಲ್ಮಾನನಿಗೂ ತಲುಪಿಸಿ.

ಇವುಗಳಲ್ಲಿ ಒಂದಾದರೂ ನಿಮ್ಮ ಮೊಬೈಲಿಗೆ ಬಂದೇ ಇರುತ್ತದೆ. ಬಹುಶಃ ನಿಮ್ಮ ಮೊಬೈಲಿನಿಂದ ಮುಂದಕ್ಕೂ ಹೋಗಿರುತ್ತದೆ. ಕಳುಹಿಸಿದವರ ಉದ್ದೇಶ ಒಳ್ಳೆಯದೇ. “ನಿಜವಾದರೆ ನಾಲ್ಕು ಜನರಿಗೆ ಉಪಕಾರ, ಸುಳ್ಳಾದರೆ ಯಾರಿಗೇನು ನಷ್ಟ?” ಎಂದು ನನ್ನ ದವಾಖಾನೆಗೆ ಬರುವವರು ಕೇಳುತ್ತಾರೆ. ಈ ಲೇಖನ ಆ ಪ್ರಶ್ನೆಗೆ ಉತ್ತರ. ನಷ್ಟ ಇದೆ, ಮತ್ತು ಅದು ಮೂರು ಬಗೆಯದು. ತಿನ್ನಬೇಕಾದ ಆಹಾರವನ್ನು ನಾವು ಬಿಡುತ್ತೇವೆ. ನಿಜವಾಗಿ ಹೆದರಬೇಕಾದ ಆಹಾರಕ್ಕೆ ಹೆದರುವುದಿಲ್ಲ. ಏನೂ ತಪ್ಪು ಮಾಡದವರ ಅನ್ನಕ್ಕೆ ಕಲ್ಲು ಹಾಕುತ್ತೇವೆ.

ಹಳೆಯ ಕಥೆ, ಹೊಸ ಹೆಸರು

ಇಂಥ ಕಥೆಗಳು ವಾಟ್ಸ್‌ಆ್ಯಪ್ ಜೊತೆ ಹುಟ್ಟಿದವಲ್ಲ. ಅಮೆರಿಕದಲ್ಲಿ 1970ರ ದಶಕದಲ್ಲೇ ಕೆಂಟಕಿ ಫ್ರೈಡ್ ಚಿಕನ್ ಅಂಗಡಿಯಲ್ಲಿ ಕತ್ತಲಲ್ಲಿ ತಿಂದ ತುಂಡು ಕೋಳಿಯಲ್ಲ, ಕರಿದ ಇಲಿ ಎಂಬ ಕಥೆ ಊರಿಂದ ಊರಿಗೆ ಹಬ್ಬಿತ್ತು. 1978ರಲ್ಲಿ ಅಟ್ಲಾಂಟಾ ಸುತ್ತಮುತ್ತ ಮೆಕ್‌ಡೊನಾಲ್ಡ್ಸ್ ಬರ್ಗರ್‌ನಲ್ಲಿ ಎರೆಹುಳು ಅರೆದು ಹಾಕುತ್ತಾರೆ ಎಂಬ ಸುದ್ದಿ ಎದ್ದಿತು. ಎರೆಹುಳು ದನದ ಮಾಂಸಕ್ಕಿಂತ ದುಬಾರಿ ಎಂಬ ಸರಳ ಲೆಕ್ಕವನ್ನೂ ಯಾರೂ ಹಾಕಲಿಲ್ಲ.

ಯೂಟಾ ವಿಶ್ವವಿದ್ಯಾಲಯದ ಜಾನಪದ ವಿದ್ವಾಂಸ ಯಾನ್ ಹೆರಾಲ್ಡ್ ಬ್ರುನ್ವಾಂಡ್ 1981ರಲ್ಲಿ ಇಂಥ ಕಥೆಗಳನ್ನು ಸಂಗ್ರಹಿಸಿ ಪುಸ್ತಕ ಮಾಡಿದರು. ಅವರು ಗುರುತಿಸಿದ ಲಕ್ಷಣ ಇಂದಿಗೂ ಉಪಯುಕ್ತ. ಕಥೆ ಹೇಳುವವನು ಅದನ್ನು ಸ್ವತಃ ಕಂಡಿರುವುದಿಲ್ಲ, ಅವನ ಗೆಳೆಯನ ಗೆಳೆಯ ಕಂಡಿರುತ್ತಾನೆ. ಸಮಾಜಶಾಸ್ತ್ರಜ್ಞ ಗ್ಯಾರಿ ಅಲನ್ ಫೈನ್ ಮತ್ತೊಂದನ್ನು ಗಮನಿಸಿದರು. ಕಥೆ ಯಾವ ಸಣ್ಣ ಅಂಗಡಿಯಲ್ಲಿ ಹುಟ್ಟಿದ್ದರೂ ಕೊನೆಗೆ ಆ ಕ್ಷೇತ್ರದ ಅತಿ ದೊಡ್ಡ ಕಂಪನಿಯ ಹೆಸರಿಗೆ ಅಂಟಿಕೊಳ್ಳುತ್ತದೆ. ನಮ್ಮಲ್ಲೂ ನೋಡಿ, ಎಲ್ಲರಿಗೂ ಗೊತ್ತಿರುವ ಕುರ್ಕುರೆ, ಪೆಪ್ಸಿ, ಮ್ಯಾಗಿಯ ಬಗ್ಗೆಯೇ ಕಥೆ. ಹೆಸರೇ ಇಲ್ಲದ, ತಯಾರಕರ ವಿಳಾಸವಿಲ್ಲದ ಎರಡು ರೂಪಾಯಿಯ ಪ್ಯಾಕೆಟ್ಟಿನ ಬಗ್ಗೆ ಯಾರೂ ಸಂದೇಶ ಕಳುಹಿಸುವುದಿಲ್ಲ. ವೈದ್ಯನಾಗಿ ನನಗೆ ಹೆಚ್ಚು ಭಯ ಆ ಪ್ಯಾಕೆಟ್ಟಿನದು.

ಚೀನಾದಲ್ಲಿ ಕೆಎಫ್‌ಸಿ ಆರು ರೆಕ್ಕೆ, ಎಂಟು ಕಾಲಿನ ಕೋಳಿಗಳನ್ನು ಸಾಕುತ್ತದೆ ಎಂಬ ಸುದ್ದಿ ಹಬ್ಬಿದಾಗ ಕಂಪನಿ 2015ರಲ್ಲಿ ನ್ಯಾಯಾಲಯಕ್ಕೆ ಹೋಯಿತು. ಮರುವರ್ಷ ಶಾಂಘೈ ನ್ಯಾಯಾಲಯ ವದಂತಿ ಹಬ್ಬಿಸಿದವರಿಗೆ 6 ಲಕ್ಷ ಯುವಾನ್ ಪರಿಹಾರ ಕೊಡಲು, ಕ್ಷಮೆ ಕೇಳಲು ಹೇಳಿತು. ನಮ್ಮಲ್ಲಿ 2018ರಲ್ಲಿ ಕುರ್ಕುರೆಯ ತಯಾರಕರು ದೆಹಲಿ ಹೈಕೋರ್ಟ್‌ಗೆ ಹೋಗಿ ಪ್ಲಾಸ್ಟಿಕ್ ವಿಡಿಯೊಗಳನ್ನು ತೆಗೆಸುವ ಆದೇಶ ತಂದರು. ದೊಡ್ಡ ಕಂಪನಿಗೆ ವಕೀಲರಿದ್ದಾರೆ. ಬಸ್‌ಸ್ಟ್ಯಾಂಡ್ ಪಕ್ಕದ ಹೋಟೆಲಿನವನಿಗೆ ಯಾರಿದ್ದಾರೆ?

ಪ್ಲಾಸ್ಟಿಕ್ ಕಾಳು ಎಂದು ಎಸೆದದ್ದು ಏನು?

ಕುರ್ಕುರೆ ಏಕೆ ಉರಿಯುತ್ತದೆ? ಅದರಲ್ಲಿ ಅಕ್ಕಿ, ಜೋಳ, ಕಡಲೆಯ ಹಿಟ್ಟಿದೆ, ಎಣ್ಣೆಯಿದೆ, ನೀರಿನಂಶ ಬಹಳ ಕಡಿಮೆ. ಒಣಗಿದ, ಎಣ್ಣೆ ಹೀರಿದ ಯಾವ ಹಿಟ್ಟಿನ ತಿಂಡಿಯೂ ಉರಿಯುತ್ತದೆ. ಮನೆಯ ಹಪ್ಪಳ ಕರಿದು ಬೆಂಕಿ ತಾಗಿಸಿ ನೋಡಿ, ಅದೂ ಉರಿಯುತ್ತದೆ. ಕುರ್ಕುರೆಯನ್ನು ಮಕ್ಕಳಿಗೆ ದಿನವೂ ಕೊಡಬಾರದು ಎನ್ನುವುದಕ್ಕೆ ಉಪ್ಪು, ಎಣ್ಣೆ ಸಾಕಷ್ಟು ಕಾರಣ. ಅದಕ್ಕೆ ಸುಳ್ಳು ಕಾರಣ ಬೇಕಿಲ್ಲ.

ಅಕ್ಕಿಯ ವಿಷಯ ಇದಕ್ಕಿಂತ ಗಂಭೀರ. ಕೆಲವು ವರ್ಷಗಳ ಹಿಂದೆ ಅಂಗನವಾಡಿ, ಶಾಲೆಯ ಬಿಸಿಯೂಟ ಮತ್ತು ಪಡಿತರದ ಅಕ್ಕಿಯಲ್ಲಿ ಸಾರವರ್ಧಿತ ಕಾಳುಗಳನ್ನು ಬೆರೆಸಿ ಕೊಡಲು ಆರಂಭಿಸಲಾಯಿತು. ಅಕ್ಕಿಯ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಮ್ಲ, ವಿಟಮಿನ್ ಬಿ12 ಕಲಸಿ, ಯಂತ್ರದಲ್ಲಿ ಒತ್ತಿ ಮತ್ತೆ ಅಕ್ಕಿಯ ಆಕಾರಕ್ಕೆ ತಂದ ಕಾಳುಗಳವು. ನೂರು ಕಿಲೋ ಅಕ್ಕಿಗೆ ಸುಮಾರು ಒಂದು ಕಿಲೋದಷ್ಟು ಬೆರೆಸುತ್ತಾರೆ. ಹಿಟ್ಟಿನಿಂದ ಮಾಡಿದ್ದರಿಂದ ಅವುಗಳ ಬಣ್ಣ ಸ್ವಲ್ಪ ಬೇರೆ ಇರುತ್ತದೆ, ತೊಳೆಯುವಾಗ ಕೆಲವು ತೇಲುತ್ತವೆ. ತೇಲಿದ್ದೇ ತಡ, “ಪ್ಲಾಸ್ಟಿಕ್ ಅಕ್ಕಿ” ಎಂಬ ವಿಡಿಯೊ ತಯಾರು.

ನನ್ನಲ್ಲಿಗೆ ಬಂದಿದ್ದ ಐದು ತಿಂಗಳ ಬಸುರಿಯೊಬ್ಬರ ಹಿಮೋಗ್ಲೋಬಿನ್ 8ಕ್ಕೆ ಇಳಿದಿತ್ತು. ಊಟದ ಬಗ್ಗೆ ವಿಚಾರಿಸಿದಾಗ ಜೊತೆಗೆ ಬಂದಿದ್ದ ಅತ್ತೆ ಹೆಮ್ಮೆಯಿಂದಲೇ ಹೇಳಿದರು, “ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಬರ್ತದಲ್ಲ ಡಾಕ್ಟ್ರೇ, ನಾನೇ ಕೂತು ಒಂದೊಂದೇ ಕಾಳು ಆರಿಸಿ ಬಿಸಾಡ್ತೇನೆ.” ಸೊಸೆಯ ಮೇಲಿನ ಕಾಳಜಿಯಿಂದಲೇ ಆ ತಾಯಿ ಗಂಟೆಗಟ್ಟಲೆ ಕೂತು ಆರಿಸಿದ್ದು. ಆದರೆ ಎಸೆದದ್ದು ಸೊಸೆಗೆ ಬೇಕಾಗಿದ್ದ ಕಬ್ಬಿಣದ ಅಂಶವನ್ನು. ಸಾರವರ್ಧಿತ ಅಕ್ಕಿಯೊಂದರಿಂದಲೇ ರಕ್ತಹೀನತೆ ಗುಣವಾಗುವುದಿಲ್ಲ, ಮಾತ್ರೆಯೂ ಬೇಕು, ಸೊಪ್ಪು, ಕಾಳು, ಮಾಂಸವೂ ಬೇಕು. ಆದರೂ ಬಡ ಮನೆಗೆ ಉಚಿತವಾಗಿ ಬಂದ ಪೋಷಣೆಯನ್ನು ಒಂದು ವಿಡಿಯೊ ಕಸದ ಬುಟ್ಟಿಗೆ ಹಾಕಿಸಿತು. “ಸುಳ್ಳಾದರೆ ಯಾರಿಗೇನು ನಷ್ಟ” ಎನ್ನುವವರು ಈ ಬಸುರಿಯನ್ನು ನೆನೆಯಬೇಕು.

ಅನ್ನದ ಉಂಡೆ ಚೆಂಡಿನಂತೆ ಪುಟಿಯುತ್ತದೆ ಎನ್ನುವುದು ಇನ್ನೊಂದು “ಸಾಕ್ಷಿ”. ಅನ್ನದಲ್ಲಿ ಪಿಷ್ಟ ಇದೆ, ಒತ್ತಿದರೆ ಅಂಟಿಕೊಳ್ಳುತ್ತದೆ, ಗಟ್ಟಿ ಉಂಡೆ ಕಟ್ಟಿದರೆ ಪುಟಿಯುತ್ತದೆ. ನಿಜವಾಗಿ ಪ್ಲಾಸ್ಟಿಕ್ ಆಗಿದ್ದರೆ ಬೇಯಿಸಿದಾಗ ಅದು ನೀರು ಹೀರಿ ಅರಳುತ್ತಿರಲಿಲ್ಲ. ಮೊಟ್ಟೆಯೂ ಹೀಗೆಯೇ. ಸಿಪ್ಪೆಯ ಒಳಗೆ ಕಾಗದದಂಥ ಪೊರೆ ಪ್ರತಿ ಮೊಟ್ಟೆಯಲ್ಲೂ ಇರುತ್ತದೆ. ಬಹಳ ದಿನ ಇಟ್ಟ ಅಥವಾ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿದ ಮೊಟ್ಟೆಯ ಹಳದಿ ರಬ್ಬರಿನಂತಾಗುತ್ತದೆ. ಅದು ಹಳಸಿದ ಮೊಟ್ಟೆ, ಪ್ಲಾಸ್ಟಿಕ್ ಮೊಟ್ಟೆ ಅಲ್ಲ. ದೇಶದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವೇ ಪ್ಲಾಸ್ಟಿಕ್ ಮೊಟ್ಟೆ ಎಂಬುದು ಕಟ್ಟುಕಥೆ ಎಂದು ಸ್ಪಷ್ಟಪಡಿಸಿದೆ. ಮೊಟ್ಟೆ ಬಡವರ ಮಕ್ಕಳಿಗೆ ಸಿಗುವ ಅತಿ ಅಗ್ಗದ ಒಳ್ಳೆಯ ಪ್ರೋಟೀನ್.

ಜ್ಯೂಸಿನ ಎಚ್‌ಐವಿ ಕಥೆಗೆ ಎರಡು ಸಾಲು ಸಾಕು. ಎಚ್‌ಐವಿ ಆಹಾರದಿಂದ, ಪಾನೀಯದಿಂದ ಹರಡುವುದಿಲ್ಲ. ದೇಹದ ಹೊರಗೆ ಆ ವೈರಾಣು ಬಹಳ ಹೊತ್ತು ಉಳಿಯುವುದಿಲ್ಲ, ಕಾಯಿಸಿದರೆ ಸಾಯುತ್ತದೆ, ಹೊಟ್ಟೆಯ ಆಮ್ಲಕ್ಕೂ ತಾಳುವುದಿಲ್ಲ. ಈ ಸಂದೇಶದಿಂದ ಆಗುವ ಹಾನಿ ಆ ಕಾಯಿಲೆ ಇರುವವರಿಗೆ. ಅವರೊಂದಿಗೆ ಒಂದೇ ತಟ್ಟೆಯಲ್ಲಿ ಊಟ ಮಾಡಲು ಮನೆಯವರೇ ಹಿಂಜರಿಯುವಂತಾಗುತ್ತದೆ.

ಹಲಾಲ್ ಹೆಸರಿನಲ್ಲಿ ಬರುವ ಸುಳ್ಳು

ನಮ್ಮ ಮನೆಗಳಿಗೆಂದೇ ತಯಾರಾಗುವ ಒಂದು ಬಗೆಯ ವದಂತಿ ಇದೆ. ನಾವು ಹಲಾಲ್ ಬಗ್ಗೆ ಎಚ್ಚರವಾಗಿರುತ್ತೇವೆ ಎಂಬುದೇ ಅದರ ಬಂಡವಾಳ.

ಆ ಸಂಖ್ಯೆಗಳ ಪಟ್ಟಿಯನ್ನೇ ತೆಗೆದುಕೊಳ್ಳಿ. ಹಂದಿಯ ಕೊಬ್ಬು ಎಂದು ಪಟ್ಟಿಯಲ್ಲಿ ಸೇರಿಸಿರುವ 100 ಎಂಬುದು ಅರಿಶಿನದ ಬಣ್ಣ. 140 ಎಂಬುದು ಸೊಪ್ಪಿನ ಹಸಿರು ಬಣ್ಣ. ಇವು ಸೇರ್ಪಡೆಗಳಿಗೆ ಕೊಟ್ಟ ಅಂತಾರಾಷ್ಟ್ರೀಯ ಕ್ರಮಸಂಖ್ಯೆಗಳಷ್ಟೆ. 471ರಂಥ ಕೆಲವು ಸಸ್ಯದಿಂದಲೂ ಬರಬಹುದು, ಪ್ರಾಣಿಯಿಂದಲೂ ಬರಬಹುದು. 120 ಎಂಬ ಕೆಂಪು ಬಣ್ಣ ಕೀಟದಿಂದ ಬರುತ್ತದೆ. 631 ರುಚಿ ಹೆಚ್ಚಿಸುವ ವಸ್ತು, ಅದನ್ನು ಮಾಂಸ, ಮೀನಿನಿಂದಲೂ ಪಡೆಯಬಹುದು, ಮರಗೆಣಸಿನ ಪಿಷ್ಟವನ್ನು ಹುದುಗಿಸಿಯೂ ಪಡೆಯಬಹುದು. ಪಾಕಿಸ್ತಾನದಲ್ಲಿ ಲೇಸ್ ಚಿಪ್ಸ್ ಬಗ್ಗೆ ಇದೇ 631ರ ವದಂತಿ ಎದ್ದು, ಕಂಪನಿ ಜುನೈದ್ ಜಮ್‌ಶೇದ್ ಅವರನ್ನು ಜಾಹೀರಾತಿಗೆ ಕರೆತಂದು ಅದು ಹಲಾಲ್ ಎಂದು ಹೇಳಿಸಬೇಕಾಯಿತು.

ನಮ್ಮ ದೇಶದಲ್ಲಿ ಇದಕ್ಕೆ ಸುಲಭವಾದ ದಾರಿ ಇದೆ. ಪ್ಯಾಕೆಟ್ಟಿನ ಮೇಲೆ ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ, ಹಾಲು, ಜೇನಿನಂಥವನ್ನು ಬಿಟ್ಟು ಬೇರೆ ಯಾವ ಪ್ರಾಣಿಜನ್ಯ ವಸ್ತುವೂ ಅದರಲ್ಲಿ ಇರಬಾರದು ಎಂಬುದು ಕಾನೂನು. ಹಂದಿಯ ಕೊಬ್ಬೂ ಇರುವಂತಿಲ್ಲ, ಯಾವ ಕೊಬ್ಬೂ ಇರುವಂತಿಲ್ಲ. ಮಾಂಸಾಹಾರದ ಕಂದು ಗುರುತು ಇದ್ದರೆ ಆಗ ಹಲಾಲ್ ಪ್ರಮಾಣಪತ್ರ ನೋಡಿ, ಇಲ್ಲವೇ ಬಿಡಿ. ಹಸಿರು ಚುಕ್ಕೆ ಮದ್ಯಸಾರದ ಬಗ್ಗೆ ಏನನ್ನೂ ಹೇಳುವುದಿಲ್ಲ, ಅದನ್ನು ತಿಳಿಯಲು ಪದಾರ್ಥಗಳ ಪಟ್ಟಿ ಓದಬೇಕು. ವಿದೇಶದಿಂದ ಬಂಧುಗಳು ತರುವ ಚಾಕಲೇಟಿಗೆ ಈ ಚುಕ್ಕೆ ಇರುವುದಿಲ್ಲ. ಅಲ್ಲಿ ಜೆಲಟಿನ್ ಎಂಬ ಪದ ಹುಡುಕಿ.

ವದಂತಿಯೆಲ್ಲ ಸುಳ್ಳು, ಕಂಪನಿಗಳೆಲ್ಲ ಸಾಚಾ ಎಂದು ನಾನು ಹೇಳುತ್ತಿಲ್ಲ. ಇಂಡೋನೇಷ್ಯಾದಲ್ಲಿ 2001ರಲ್ಲಿ ಅಜಿನೊಮೊಟೊ ತಯಾರಿಕೆಯ ಒಂದು ಹಂತದಲ್ಲಿ ಹಂದಿಯಿಂದ ಪಡೆದ ಕಿಣ್ವ ಬಳಸಿದ್ದು ಹೊರಬಂತು. ಅದನ್ನು ಪತ್ತೆ ಮಾಡಿದ್ದು ಅಲ್ಲಿನ ಉಲಮಾ ಮಂಡಳಿಯ ಪರಿಶೀಲನೆ, ಬೀದಿಯ ಸುದ್ದಿಯಲ್ಲ. ಮಲೇಷ್ಯಾದಲ್ಲಿ 2014ರ ಮೇ ತಿಂಗಳಲ್ಲಿ ಕ್ಯಾಡ್ಬರಿಯ ಎರಡು ಚಾಕಲೇಟುಗಳಲ್ಲಿ ಹಂದಿಯ ಡಿಎನ್‌ಎ ಕುರುಹು ಸಿಕ್ಕಿದೆ ಎಂದು ಆರೋಗ್ಯ ಇಲಾಖೆ ಹೇಳಿತು, ಜನ ಕೆರಳಿದರು. ಅಲ್ಲಿನ ಇಸ್ಲಾಮೀ ಅಭಿವೃದ್ಧಿ ಇಲಾಖೆ ಕಾರ್ಖಾನೆಯಿಂದ ನೇರವಾಗಿ ಮಾದರಿ ತಂದು ಮತ್ತೆ ಪರೀಕ್ಷಿಸಿತು. ಯಾವುದರಲ್ಲೂ ಹಂದಿಯ ಅಂಶ ಇರಲಿಲ್ಲ. ಒಂದರಲ್ಲಿ ಸಂಶಯ ನಿಜವಾಯಿತು, ಇನ್ನೊಂದರಲ್ಲಿ ಸುಳ್ಳಾಯಿತು. ಎರಡನ್ನೂ ತೀರ್ಮಾನಿಸಿದ್ದು ಪರೀಕ್ಷೆ.

ಇದಕ್ಕೆ ಹೋಲಿಸಿದರೆ ಕೆಲವು ವದಂತಿಗಳು ನಗು ತರಿಸುವಂಥವು. ಕೋಕಾಕೋಲಾದ ಬರಹವನ್ನು ಕನ್ನಡಿಯಲ್ಲಿ ನೋಡಿದರೆ ಅರಬಿಯಲ್ಲಿ ನಮ್ಮ ಪ್ರವಾದಿಯವರ(ಸ) ಮತ್ತು ಮಕ್ಕಾದ ವಿರುದ್ಧದ ಮಾತು ಕಾಣುತ್ತದೆ ಎಂಬ ಸುದ್ದಿ 2000ದಲ್ಲಿ ಈಜಿಪ್ಟಿನಲ್ಲಿ ಎಷ್ಟು ಬಿಸಿಯಾಯಿತೆಂದರೆ ದೇಶದ ಮುಫ್ತಿಯೇ ಪರಿಶೀಲಿಸಿ, ಹಾಗೇನೂ ಇಲ್ಲ ಎಂದು ಹೇಳಬೇಕಾಯಿತು. ಆ ಬರಹ 1886ರಲ್ಲಿ ಅಟ್ಲಾಂಟಾದಲ್ಲಿ ಇಂಗ್ಲಿಷಿನಲ್ಲಿ ಬರೆದದ್ದು. ಪೆಪ್ಸಿ ಎಂಬ ಹೆಸರಿನ ಐದು ಅಕ್ಷರಗಳಲ್ಲಿ ಇಸ್ರೇಲಿಗೆ ಹಣ ಉಳಿಸುವ ಕರೆ ಅಡಗಿದೆ ಎನ್ನುವ ಸಂದೇಶವೂ ಎಲ್ಲರಿಗೂ ಗೊತ್ತು. ಆ ಹೆಸರು ಬಂದದ್ದು 1898ರಲ್ಲಿ, ಅಜೀರ್ಣಕ್ಕೆ ಸಂಬಂಧಿಸಿದ ಪದದಿಂದ. ಇಸ್ರೇಲ್ ಸ್ಥಾಪನೆಯಾದದ್ದು 1948ರಲ್ಲಿ. ಮನಸ್ಸಾಕ್ಷಿಯ ಕಾರಣಕ್ಕೆ ಯಾವುದನ್ನಾದರೂ ಕೊಳ್ಳದಿರುವುದು ನಿಮ್ಮ ಹಕ್ಕು. ಸಕ್ಕರೆಯ ಕಾರಣಕ್ಕೆ ಈ ಪಾನೀಯಗಳನ್ನು ಬಿಡಿ ಎಂದು ನಾನೂ ಹೇಳುತ್ತೇನೆ. ಆದರೆ ನ್ಯಾಯವಾದ ಮಾತಿಗೆ ಸುಳ್ಳಿನ ಆಸರೆ ಕೊಟ್ಟರೆ, ಸುಳ್ಳು ಬಯಲಾದ ದಿನ ನ್ಯಾಯವೂ ಹಗುರಾಗುತ್ತದೆ.

ಒಂದು ಹಿಟ್ಟಿನ ಗಂಟು

ವದಂತಿಯ ಬೆಲೆ ಎಷ್ಟು ಎಂದು ತಿಳಿಯಲು ಪಕ್ಕದ ಶ್ರೀಲಂಕಾದ ಅಂಪಾರ ಪಟ್ಟಣದಲ್ಲಿ ನಡೆದದ್ದನ್ನು ನೋಡಬೇಕು. 2018ರ ಫೆಬ್ರುವರಿ ಕೊನೆಯ ವಾರದ ಒಂದು ರಾತ್ರಿ. ಮುಸ್ಲಿಂ ಕುಟುಂಬವೊಂದರ ಹೋಟೆಲಿನಲ್ಲಿ ಊಟಕ್ಕೆ ಬಂದ ಸಿಂಹಳ ಗ್ರಾಹಕನಿಗೆ ಸಾರಿನಲ್ಲಿ ಬಿಳಿಯ ಗಂಟೊಂದು ಸಿಕ್ಕಿತು. ಸಿಂಹಳೀಯರ ಸಂತಾನ ನಿಲ್ಲಿಸಲು ಮುಸ್ಲಿಮರು ಊಟದಲ್ಲಿ ಬಂಜೆತನದ ಗುಳಿಗೆ ಬೆರೆಸುತ್ತಾರೆ ಎಂಬ ವದಂತಿ ಆಗಲೇ ಹರಿದಾಡುತ್ತಿತ್ತು. ಗುಂಪು ಸೇರಿತು. ಹೋಟೆಲಿನವನನ್ನು ಸುತ್ತುವರಿದು ಗುಳಿಗೆ ಹಾಕಿದೆಯಾ ಎಂದು ಕೇಳಿದರು. ತಮಿಳು ಮಾತಾಡುವ, ಸಿಂಹಳ ಸರಿಯಾಗಿ ಬಾರದ ಆತ ಹೆದರಿಕೆಯಲ್ಲಿ ಹೌದೆನ್ನುವಂತೆ ಏನೋ ಹೇಳಿದ. ಅದರ ವಿಡಿಯೊ ದೇಶವೆಲ್ಲ ಹಬ್ಬಿತು. ಆ ರಾತ್ರಿ ಹೋಟೆಲ್ ಧ್ವಂಸವಾಯಿತು, ಮಸೀದಿಯ ಮೇಲೆ ದಾಳಿಯಾಯಿತು, ಅಂಗಡಿಗಳು ಹಾಳಾದವು. ಕೆಲವೇ ದಿನಗಳಲ್ಲಿ, ಬೇರೊಂದು ಜಗಳದ ನೆಪದಲ್ಲಿ, ಕ್ಯಾಂಡಿ ಜಿಲ್ಲೆಯ ದಿಗನದಲ್ಲಿ ಮನೆ, ಅಂಗಡಿಗಳು ಉರಿದವು, ಜೀವವೂ ಹೋಯಿತು. ಮಾರ್ಚ್ 6ರಂದು ಸರ್ಕಾರ ತುರ್ತುಸ್ಥಿತಿ ಘೋಷಿಸಿತು.

ಸರ್ಕಾರಿ ಪ್ರಯೋಗಾಲಯದ ವರದಿ ಬಂದಾಗ ಗೊತ್ತಾಯಿತು, ಅದು ಗುಳಿಗೆಯಲ್ಲ. ಸರಿಯಾಗಿ ಕದಡದ ಹಿಟ್ಟಿನ ಗಂಟು. ಸಾರು ಗಟ್ಟಿಯಾಗಲು ಹಿಟ್ಟು ಕದಡಿ ಹಾಕುವ ಯಾವ ಅಡುಗೆಮನೆಯಲ್ಲೂ ಅಂಥ ಗಂಟು ಆಗುತ್ತದೆ.

ವೈದ್ಯನಾಗಿ ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ಊಟದಲ್ಲಿ ಒಮ್ಮೆ ಬೆರೆಸಿ ಕೊಟ್ಟರೆ ಮನುಷ್ಯನನ್ನು ಶಾಶ್ವತವಾಗಿ ಬಂಜೆ ಮಾಡುವ ಗುಳಿಗೆ ಅಲೋಪಥಿಯಲ್ಲೂ ಇಲ್ಲ, ಯುನಾನಿಯಲ್ಲೂ ಇಲ್ಲ. ಗರ್ಭನಿರೋಧಕ ಮಾತ್ರೆಯನ್ನು ಹೆಣ್ಣುಮಗಳು ದಿನವೂ ತಪ್ಪದೆ ನುಂಗಬೇಕು, ನಿಲ್ಲಿಸಿದರೆ ಅದರ ಪರಿಣಾಮವೂ ನಿಲ್ಲುತ್ತದೆ. ಇಷ್ಟು ಸರಳ ವೈದ್ಯಕೀಯ ತಿಳಿವಳಿಕೆ ಆ ಗುಂಪಿನಲ್ಲಿ ಒಬ್ಬನಿಗಿದ್ದು, ಅದನ್ನು ಹೇಳುವ ಧೈರ್ಯ ಇದ್ದಿದ್ದರೆ ಆ ರಾತ್ರಿ ಬೇರೆ ರೀತಿ ಮುಗಿಯಬಹುದಿತ್ತು.

ನಮ್ಮ ದೇಶದಲ್ಲಿ 2020ರ ಕೊರೋನಾ ದಿನಗಳಲ್ಲಿ ಇಂಥದ್ದೇ ಗಾಳಿ ಬೀಸಿತು. ಮುಸ್ಲಿಂ ವ್ಯಾಪಾರಿ ಹಣ್ಣಿಗೆ ಉಗುಳುತ್ತಾನೆ, ಊಟಕ್ಕೆ ಊದುತ್ತಾನೆ ಎಂಬ ವಿಡಿಯೊಗಳು ಬಂದವು. ಎಷ್ಟೋ ವಿಡಿಯೊಗಳು ಕೊರೋನಾಕ್ಕಿಂತ ಮೊದಲಿನವು ಎಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ತಳ್ಳುಗಾಡಿಯವನ ದುಡಿಮೆ ನಿಂತಿತ್ತು. ಅದೇ ವರ್ಷ ಕೋಳಿಯಿಂದ ಕೊರೋನಾ ಬರುತ್ತದೆ ಎಂಬ ಸುಳ್ಳಿಗೆ ಬೆಲೆ ಕುಸಿದು, ನಮ್ಮ ರಾಜ್ಯದ ಕೋಳಿ ಸಾಕಣೆದಾರರು ಜೀವಂತ ಕೋಳಿಗಳನ್ನು ಗುಂಡಿ ತೋಡಿ ಹೂಳಿದರು. ಆ ರೈತರಲ್ಲಿ, ಮಾಂಸದಂಗಡಿಯವರಲ್ಲಿ ನಮ್ಮವರೂ ಇದ್ದರು, ಎಲ್ಲರೂ ಇದ್ದರು.

ಈ ಗಾಯ ನಮಗೆ ಗೊತ್ತಿದೆ. ಗೊತ್ತಿದ್ದೂ ಇನ್ನೊಬ್ಬರ ಬೇಕರಿಯ ಬಗ್ಗೆ, ಇನ್ನೊಬ್ಬರ ಹೋಟೆಲಿನ ಬಗ್ಗೆ, ಒಂದು ಕಂಪನಿಯ ಬಗ್ಗೆ ಆಧಾರವಿಲ್ಲದ ಸುದ್ದಿ ಬಂದಾಗ “ಎಚ್ಚರವಾಗಿರಲಿ” ಎಂದು ಮುಂದಕ್ಕೆ ಕಳುಹಿಸುತ್ತೇವೆ. ನಮ್ಮ ವಿರುದ್ಧ ಬಂದರೆ ಸುಳ್ಳು, ನಾವು ಕಳುಹಿಸಿದರೆ ಎಚ್ಚರಿಕೆ ಎಂಬ ಎರಡು ತಕ್ಕಡಿ ಇರಬಾರದು. ಸುದ್ದಿ ಬಂದಾಗ ಮೊದಲು ಪರಿಶೀಲಿಸಬೇಕು, ಇಲ್ಲವಾದರೆ ತಿಳಿಯದೆ ಜನರಿಗೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡಬೇಕಾಗುತ್ತದೆ ಎಂದು ಸೂರಃ ಅಲ್-ಹುಜುರಾತ್‌ನಲ್ಲಿ ನಮಗೆ ಕಲಿಸಲಾಗಿದೆ. ಜುಮಾ ಖುತ್ಬಾದಲ್ಲಿ ಕೇಳಿ ತಲೆದೂಗುವ ಮಾತು ಮೊಬೈಲ್ ಕೈಗೆ ಬಂದಾಗ ಮರೆತುಹೋಗುವುದೇಕೆ?

ತಮಾಷೆ ಎಂಬ ಹೆಸರಿನಲ್ಲಿ

ವದಂತಿ ದೊಡ್ಡವರ ಖಾಯಿಲೆಯಾದರೆ, ಆಹಾರದ ಜೊತೆ ಪ್ರ್ಯಾಂಕ್ ವಿಡಿಯೊ ಮಾಡುವುದು ನಮ್ಮ ಹದಿಹರೆಯದವರ ಖಾಯಿಲೆ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ 2009ರಲ್ಲಿ ಡಾಮಿನೋಸ್ ಅಂಗಡಿಯ ಇಬ್ಬರು ನೌಕರರು ಚೀಸನ್ನು ಮೂಗಿಗೆ ತುರುಕಿ ಆಹಾರದ ಮೇಲೆ ಹಾಕುವ ವಿಡಿಯೊ ಹರಿಬಿಟ್ಟರು. ತಮಾಷೆಗೆ ಮಾಡಿದ್ದು, ಯಾರಿಗೂ ಬಡಿಸಲಿಲ್ಲ ಎಂದರು. ಲಕ್ಷಾಂತರ ಜನ ನೋಡಿದ್ದರು. ಇಬ್ಬರೂ ಕೆಲಸ ಕಳೆದುಕೊಂಡರು, ಮೊಕದ್ದಮೆ ಎದುರಿಸಿದರು. ಕೆಲವೇ ತಿಂಗಳಲ್ಲಿ ಆ ಅಂಗಡಿಯೇ ಮುಚ್ಚಿತು. ತಪ್ಪು ಮಾಡದ ಉಳಿದ ನೌಕರರ ಕೆಲಸವೂ ಹೋಯಿತು.

ಜಪಾನಿನ ಗಿಫು ನಗರದ ಸುಶಿರೊ ಹೋಟೆಲಿನಲ್ಲಿ 2023ರ ಆರಂಭದಲ್ಲಿ ಹೈಸ್ಕೂಲ್ ಹುಡುಗನೊಬ್ಬ ಎಲ್ಲರಿಗೂ ಇಟ್ಟಿದ್ದ ಸೋಯಾ ಸಾಸ್ ಬಾಟಲಿಯ ಬಾಯಿ ನೆಕ್ಕಿ, ಲೋಟ ನೆಕ್ಕಿ ಮತ್ತೆ ಜಾಗದಲ್ಲಿಟ್ಟ ವಿಡಿಯೊ ಬಂತು. ಕಂಪನಿ ಹುಡುಗನ ಮೇಲೆ ಸುಮಾರು 6.7 ಕೋಟಿ ಯೆನ್ ಪರಿಹಾರಕ್ಕೆ ದಾವೆ ಹೂಡಿತು, ಕೊನೆಗೆ ರಾಜಿಯಾಯಿತು. ಇನ್ನೊಂದು ಪ್ರಕರಣ ತಮಾಷೆಯೂ ಅಲ್ಲ. 2005ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಮಹಿಳೆಯೊಬ್ಬರು ವೆಂಡೀಸ್ ಹೋಟೆಲಿನ ಊಟದಲ್ಲಿ ಮನುಷ್ಯನ ಬೆರಳು ಸಿಕ್ಕಿತೆಂದು ದೂರಿದರು. ಅಲ್ಲಿನ ಕೆಲಸಗಾರರ ಕೈಬೆರಳುಗಳನ್ನೆಲ್ಲ ನೋಡಿದರು, ಎಲ್ಲ ಸರಿಯಾಗಿದ್ದವು. ಪರಿಹಾರದ ಆಸೆಗೆ ಆಕೆಯೇ ಬೆರಳು ಹಾಕಿದ್ದು ಸಾಬೀತಾಗಿ 9 ವರ್ಷ ಶಿಕ್ಷೆಯಾಯಿತು. ಅಷ್ಟರಲ್ಲಿ ಹೋಟೆಲಿಗೆ ಲಕ್ಷಾಂತರ ಡಾಲರ್ ನಷ್ಟವಾಗಿತ್ತು.

ನಮ್ಮ ಹುಡುಗರು ನಿಕಾಹ್ ಮನೆಯ ಬಿರಿಯಾನಿಯಲ್ಲಿ ರಬ್ಬರ್ ಹಲ್ಲಿ ಹಾಕಿ ಚಿತ್ರೀಕರಿಸುತ್ತಾರೆ, ಗೆಳೆಯನ ಜ್ಯೂಸಿಗೆ ಖಾರದ ಪುಡಿ, ಭೇದಿ ಮಾತ್ರೆ ಹಾಕುತ್ತಾರೆ. ಮಾತ್ರೆ ಹಾಕುವುದು ತಮಾಷೆಯಲ್ಲ. ಎದುರಿನವನಿಗೆ ಯಾವ ಕಾಯಿಲೆ, ಯಾವ ಅಲರ್ಜಿ ಇದೆ ಎಂದು ನಿಮಗೆ ಗೊತ್ತಿಲ್ಲ. ಅಸ್ತಮಾ ಇರುವವನಿಗೆ ಮೆಣಸಿನ ಪುಡಿ ಉಸಿರುಗಟ್ಟಿಸಬಹುದು. ಆಹಾರ ಅಲ್ಲಾಹನ ಅನುಗ್ರಹ, ಅದರ ಜೊತೆ ಆಟವಾಡಬಾರದು ಎಂದು ಅಜ್ಜಿಯರು ಹೇಳುತ್ತಿದ್ದ ಮಾತಿನಲ್ಲಿ ವೈದ್ಯಕೀಯ ಅರ್ಥವೂ ಇದೆ ಎಂದು ತಂದೆ ತಾಯಂದಿರು ಮಕ್ಕಳಿಗೆ ತಿಳಿಸಬೇಕು.

ಭಯವೂ ಹೊಟ್ಟೆ ಕೆಡಿಸುತ್ತದೆ

ಯುನಾನಿ ವೈದ್ಯಶಾಸ್ತ್ರದಲ್ಲಿ ಆರೋಗ್ಯಕ್ಕೆ ಆರು ಅಗತ್ಯ ಕಾರಣಗಳನ್ನು ಹೇಳುತ್ತಾರೆ, ಅಸ್ಬಾಬೆ ಸಿತ್ತಾ ಜರೂರಿಯಾ. ಗಾಳಿ, ಅನ್ನಪಾನ, ದೇಹದ ದುಡಿಮೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ನೆಮ್ಮದಿ, ನಿದ್ದೆ ಮತ್ತು ಎಚ್ಚರ, ವಿಸರ್ಜನೆ ಮತ್ತು ಧಾರಣೆ. ಅನ್ನಪಾನದಷ್ಟೇ ಮನಸ್ಸಿನ ನೆಮ್ಮದಿಗೂ ಜಾಗ ಕೊಟ್ಟಿದ್ದಾರೆ. ಹೆದರಿ ಉಂಡ ಅನ್ನ ಜೀರ್ಣವಾಗುವುದಿಲ್ಲ ಎಂದು ಹಕೀಮರು ಹೇಳುವುದು ಬರೀ ಮಾತಲ್ಲ.

1999ರ ಜೂನ್‌ನಲ್ಲಿ ಬೆಲ್ಜಿಯಂನ ಬೋರ್ನೆಮ್ ಎಂಬ ಊರಿನ ಶಾಲೆಯಲ್ಲಿ ಕೋಕಾಕೋಲಾ ಕುಡಿದ ಮಕ್ಕಳಿಗೆ ತಲೆನೋವು, ಹೊಟ್ಟೆನೋವು, ವಾಕರಿಕೆ ಬಂತು. ಸುದ್ದಿ ಟಿವಿಯಲ್ಲಿ ಬರುತ್ತಿದ್ದಂತೆ ಬೇರೆ ಶಾಲೆಗಳ ಮಕ್ಕಳಿಗೂ ಹಾಗೆಯೇ ಆಯಿತು. ದೇಶಾದ್ಯಂತ ಬಾಟಲಿಗಳನ್ನು ಹಿಂಪಡೆದರು. ಪರೀಕ್ಷಿಸಿದಾಗ ಕೆಲವು ಬಾಟಲಿಗಳಲ್ಲಿ ಕೆಟ್ಟ ವಾಸನೆಗೆ ಕಾರಣವಾದ ವಸ್ತು ಅತ್ಯಲ್ಪ ಪ್ರಮಾಣದಲ್ಲಿ ಸಿಕ್ಕಿತು, ಅಷ್ಟೊಂದು ಮಕ್ಕಳನ್ನು ಕಾಯಿಲೆ ಮಾಡುವಷ್ಟಲ್ಲ. ಬಹುಪಾಲು ಪ್ರಕರಣಗಳಿಗೆ ಕಾರಣ ಸಾಮೂಹಿಕ ಭಯ ಎಂದು ಅಲ್ಲಿನ ವೈದ್ಯ ವಿಜ್ಞಾನಿಗಳು ಅಭಿಪ್ರಾಯಪಟ್ಟರು. ಮಕ್ಕಳು ನಟಿಸುತ್ತಿರಲಿಲ್ಲ, ಅವರಿಗೆ ಬಂದ ವಾಂತಿ ನಿಜ. ಬಾಟಲಿಗಿಂತ ಹೆಚ್ಚಾಗಿ ಸುದ್ದಿಯೇ ಅವರನ್ನು ಮಲಗಿಸಿತ್ತು.

ಹೆದರಲೇಬೇಕಾದದ್ದು

ಹಾಗಾದರೆ ಯಾವುದಕ್ಕೆ ಹೆದರಬೇಕು? ವಿಡಿಯೊ ಮಾಡಲು ಅಷ್ಟೇನೂ ಚೆಂದವಿಲ್ಲದ, ದಿನನಿತ್ಯದ ಸಂಗತಿಗಳಿಗೆ.

ಬಣ್ಣಕ್ಕೆ ಹೆದರಿ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆ ಗೋಬಿ ಮಂಚೂರಿಯ 171 ಮಾದರಿ ಪರೀಕ್ಷಿಸಿದಾಗ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಸಿಕ್ಕಿತು. ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15 ಅಸುರಕ್ಷಿತ. ಬಟ್ಟೆಗೆ ಬಣ್ಣ ಹಾಕುವ ರೋಡಮೈನ್-ಬಿ ಕೂಡ ಅವುಗಳಲ್ಲಿತ್ತು. ಅದೇ ವರ್ಷ ಜೂನ್‌ನಲ್ಲಿ ಕಬಾಬ್ ಮತ್ತು ಮೀನಿನ ಖಾದ್ಯಗಳಿಗೂ ಕೃತಕ ಬಣ್ಣ ನಿಷೇಧಿಸಿದರು. ಮನೆಯ ಕಬಾಬಿಗೆ ಕಾಶ್ಮೀರಿ ಮೆಣಸಿನ ಬಣ್ಣ ಸಾಕು.

ಬೇಯದ ಮಾಂಸಕ್ಕೆ ಹೆದರಿ. 2022ರ ಮೇ 1ರಂದು ನಮ್ಮ ಪಕ್ಕದ ಕಾಸರಗೋಡಿನ ಚೆರುವತ್ತೂರಿನಲ್ಲಿ ಶವರ್ಮಾ ತಿಂದ 16 ವರ್ಷದ ಹುಡುಗಿ ಪ್ರಾಣ ಬಿಟ್ಟಳು, ಹಲವರು ಆಸ್ಪತ್ರೆ ಸೇರಿದರು. ಪರೀಕ್ಷೆಯಲ್ಲಿ ಶಿಗೆಲ್ಲಾ ಬ್ಯಾಕ್ಟೀರಿಯಾ ಸಿಕ್ಕಿತು. ಮುಂದಿನ ವರ್ಷ ಕೇರಳ ಸರ್ಕಾರ ಹಸಿ ಮೊಟ್ಟೆಯ ಮಯೋನೀಸ್ ನಿಷೇಧಿಸಿತು.

ಮತ್ತೆ ಮತ್ತೆ ಕಾಯಿಸಿ ಕಪ್ಪಾದ ಎಣ್ಣೆಗೆ ಹೆದರಿ. ಬೆಳಿಗ್ಗೆ ಬೇಯಿಸಿ ಸಂಜೆಯವರೆಗೆ ಬೆಚ್ಚಗೆ ಮುಚ್ಚಿಟ್ಟ ವಲೀಮಾದ ಬಿರಿಯಾನಿಗೆ ಹೆದರಿ. ಬೆಂದ ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಇದ್ದರೆ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣು ವಿಷ ಉಂಟುಮಾಡುತ್ತದೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಊಟವನ್ನು ಹಬೆಯಾಡುವಷ್ಟು ಬಿಸಿ ಇಡಿ, ಇಲ್ಲವೇ ಎರಡು ಗಂಟೆಯೊಳಗೆ ಬಡಿಸಿ ಮುಗಿಸಿ. ಬಡಿಸುವವರ ಕೈ ಸಾಬೂನಿನಲ್ಲಿ ತೊಳೆದಿರಲಿ. ಮದುವೆ ಮನೆಯ ವಾಂತಿ ಭೇದಿಗೆ ನಾನು ಔಷಧಿ ಕೊಟ್ಟದ್ದು ಎಷ್ಟೋ ಸಲ. ಪ್ಲಾಸ್ಟಿಕ್ ಅಕ್ಕಿ ತಿಂದು ಕಾಯಿಲೆಯಾದವರು ಇಂದಿನವರೆಗೆ ಒಬ್ಬರೂ ಬಂದಿಲ್ಲ.

ಸಂಶಯ ಬಂದರೆ ಏನು ಮಾಡಬೇಕು?

ಸಂಶಯ ಬರುವುದು ತಪ್ಪಲ್ಲ. ಅದನ್ನು ಸರಿಯಾದ ಬಾಗಿಲಿಗೆ ಒಯ್ಯಬೇಕು.

ಒಂದು, ಆಹಾರದಲ್ಲಿ ಏನಾದರೂ ಕಂಡರೆ ತಿನ್ನುವುದನ್ನು ನಿಲ್ಲಿಸಿ. ಆಹಾರವನ್ನು, ಪ್ಯಾಕೆಟ್ಟನ್ನು, ಬಿಲ್ಲನ್ನು ಎಸೆಯಬೇಡಿ. ತಯಾರಿಕೆಯ ದಿನಾಂಕ, ಬ್ಯಾಚ್ ಸಂಖ್ಯೆ, 14 ಅಂಕಿಯ ಆಹಾರ ಪರವಾನಗಿ ಸಂಖ್ಯೆಯ ಫೋಟೊ ತೆಗೆದಿಡಿ. ಈ ಪರವಾನಗಿ ಸಂಖ್ಯೆಯೇ ಇಲ್ಲದ ಪ್ಯಾಕೆಟ್ಟನ್ನು ಮಕ್ಕಳಿಗೆ ಕೊಡಿಸಬೇಡಿ.

ಎರಡು, ಮೊದಲು ಅಂಗಡಿಯವನಿಗೆ ನೇರವಾಗಿ, ಸಮಾಧಾನವಾಗಿ ಹೇಳಿ. ಎಷ್ಟೋ ತಪ್ಪುಗಳು ಅಲ್ಲೇ ಸರಿಯಾಗುತ್ತವೆ.

ಮೂರು, ಸರಿಯಾಗದಿದ್ದರೆ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗೆ ಬರಹದಲ್ಲಿ ದೂರು ಕೊಡಿ. 2006ರ ಆಹಾರ ಸುರಕ್ಷತೆ ಕಾಯ್ದೆಯ ಪ್ರಕಾರ, ಕೊಳ್ಳುವಾಗಲೇ ಅಂಗಡಿಯವನಿಗೆ ತಿಳಿಸಿ, ಶುಲ್ಕ ಕಟ್ಟಿ, ಆಹಾರವನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವ ಹಕ್ಕು ಸಾಮಾನ್ಯ ಗ್ರಾಹಕನಿಗೂ ಇದೆ. ದೋಷ ಕಂಡುಬಂದರೆ ಶುಲ್ಕ ವಾಪಸು ಸಿಗುತ್ತದೆ.

ನಾಲ್ಕು, ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿ. ಯಾವ ಊರು, ಯಾವ ದಿನ, ಯಾರು ಪರೀಕ್ಷಿಸಿದ್ದು? ಮೂರಕ್ಕೂ ಉತ್ತರವಿಲ್ಲದ ಸಂದೇಶ ನಿಮ್ಮ ಮೊಬೈಲಿನಲ್ಲೇ ನಿಲ್ಲಲಿ. ಕೆಳಗೆ ಡಾಕ್ಟರ ಹೆಸರೋ, ಹಕೀಮ್ ಸಾಹೇಬರ ಹೆಸರೋ ಇದ್ದ ಮಾತ್ರಕ್ಕೆ ಅದು ವೈದ್ಯರ ಮಾತಾಗುವುದಿಲ್ಲ. ಸುಳ್ಳೆಂದು ಗೊತ್ತಾದರೆ, ಎಲ್ಲಿಗೆ ಕಳುಹಿಸಿದ್ದಿರೋ ಅದೇ ಗುಂಪಿಗೆ “ಇದು ನಿಜವಲ್ಲ” ಎಂದು ಬರೆಯಿರಿ. ಹಿರಿಯರು ಕಳುಹಿಸಿದ್ದಾದರೆ ಎಲ್ಲರೆದುರು ತಿದ್ದಬೇಡಿ, ಪ್ರತ್ಯೇಕವಾಗಿ ಫೋನ್ ಮಾಡಿ ವಿನಯದಿಂದ ಹೇಳಿ.

ಅಂಪಾರದ ಹೋಟೆಲಿನವನ ಕೈಯಲ್ಲಿ ಆ ರಾತ್ರಿ ಪ್ರಯೋಗಾಲಯದ ವರದಿ ಇರಲಿಲ್ಲ. ನಾಳೆ ನಮ್ಮ ಊರಿನ ಯಾವುದೋ ಹೋಟೆಲಿನವನ ಕೈಯಲ್ಲೂ ಇರುವುದಿಲ್ಲ, ಅವನ ಹೆಸರು ಏನೇ ಇರಲಿ. ವರದಿ ಬರುವವರೆಗೆ ಅವನನ್ನು ಕಾಯುವುದು ಸುದ್ದಿ ಕೇಳಿದವರ ತಾಳ್ಮೆ ಮಾತ್ರ.